ಎರರ್ ಇಲ್ಲ, ಲೆಕ್ಕ ಮಾತ್ರ ತಪ್ಪು: ಸ್ಟ್ಯಾಂಡರ್ಡ್ ಲೈಬ್ರರಿಯ ಹೆಸರುಗಳಿಂದ ಬರುವ ದೋಷ ಹಿಡಿಯುವ ಬಗೆ

ಪ್ರೋಗ್ರಾಂ ಓಡುತ್ತದೆ. ಪರದೆಯ ಮೇಲೆ ಕೆಂಪು ಅಕ್ಷರ ಒಂದೂ ಇಲ್ಲ, ಎರರ್ ಲಾಗ್ ಖಾಲಿ. ಆದರೆ ಉತ್ತರ ತಪ್ಪು. ಅದೂ ಎಲ್ಲ ಸಾಲಿಗೂ ಅಲ್ಲ, ಕೆಲವಕ್ಕೆ ಮಾತ್ರ. ಇಂಥ ದೋಷ ಎದುರಾದಾಗ ತೆರೆದು ನೋಡಲೆಂದು ಈ ಕೈಪಿಡಿ ಬರೆದಿದ್ದೇನೆ.

ಡೇಟಾಬೇಸ್, ಸರ್ವರ್, ನೆಟ್‌ವರ್ಕ್ ಎಂದು ಊರೆಲ್ಲ ಸುತ್ತುವ ಮೊದಲು ಒಂದು ಜಾಗ ನೋಡಿ: ಭಾಷೆಯ ಜೊತೆಗೇ ಬರುವ ಸ್ಟ್ಯಾಂಡರ್ಡ್ ಲೈಬ್ರರಿಯ ಫಂಕ್ಷನ್‌ಗಳನ್ನು ಕರೆದಿರುವ ಸಾಲುಗಳು. ಆ ಲೈಬ್ರರಿಯ ಹೆಸರುಗಳಿಗೆ ಒಂದೇ ಕಟ್ಟಳೆ ಇಲ್ಲದಿದ್ದರೆ, ಒಂದು ಫಂಕ್ಷನ್ ಹೀಗಿದೆಯಲ್ಲ, ಪಕ್ಕದ್ದೂ ಹೀಗೇ ಇರಬೇಕು ಎಂದು ನಂಬಿ ಬರೆದ ಸಾಲು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಬರೆದವರು ಅಜಾಗರೂಕರು ಎಂದು ನಾನು ಒಪ್ಪುವುದಿಲ್ಲ. ಹೆಸರು ನೋಡಿ ಗುಣ ಊಹಿಸುವುದು ಮನುಷ್ಯ ಸಹಜ, ಹೆಸರುಗಳಿರುವುದೇ ಅದಕ್ಕೆ. ಊಹೆಗೆ ಆಸರೆ ಕೊಡದ ಲೈಬ್ರರಿಯಲ್ಲಿ ಹತ್ತು ವರ್ಷ ಕೆಲಸ ಮಾಡಿದವರೂ ಎಡವುತ್ತಾರೆ.

ಹೆಚ್ಚಿನ ಉದಾಹರಣೆಗಳು ವೆಬ್ ಪ್ರೋಗ್ರಾಂ ಬರೆಯುವ ಭಾಷೆಯಾದ ಪಿಎಚ್‌ಪಿಯವು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ನನ್ನ ಕೈಗೆ ರಿಪೇರಿಗೆ ಬರುವ ಮಂಡಿ, ಅಂಗಡಿ, ಸಂಘಗಳ ಲೆಕ್ಕದ ಸಾಫ್ಟ್‌ವೇರ್ ಬಹುಪಾಲು ಅದರಲ್ಲೇ ಇವೆ. ಪೈಥಾನ್, ಜಾವಾಸ್ಕ್ರಿಪ್ಟ್, ಸಿ ಬರೆಯುವವರಿಗೂ ಅಲ್ಲಲ್ಲಿ ಬೇಕಾದ್ದು ಸಿಗುತ್ತದೆ. ಫಂಕ್ಷನ್ ಹೆಸರುಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ, ಅಂಡರ್‌ಸ್ಕೋರ್ ಇದ್ದಲ್ಲಿ ಅದನ್ನು ಹಾಗೇ ಉಳಿಸಿದ್ದೇನೆ. ಅಂಡರ್‌ಸ್ಕೋರ್ ಎಲ್ಲಿದೆ, ಎಲ್ಲಿಲ್ಲ ಎನ್ನುವುದೇ ಇಲ್ಲಿ ಅರ್ಧ ತಲೆನೋವು.

ವಾಪಸ್ ಬಂದದ್ದೇನು, ಮೊದಲು ಅದನ್ನು ನೋಡಿ

ಸಾಗರ ರಸ್ತೆಯ ಕಡೆಯ ಒಂದು ಅಡಿಕೆ ಮಂಡಿ. ದಿನದ ಆವಕವನ್ನು ಒಂದೊಂದು ಸಾಲಾಗಿ ಟೈಪ್ ಮಾಡುತ್ತಾರೆ. ಸಂಜೆಗೆ ಅಡಿಕೆಯ ಜಾತಿವಾರು, ರಾಶಿ ಎಷ್ಟು, ಬೆಟ್ಟೆ ಎಷ್ಟು, ಸರಕು, ಗೊರಬಲು ಎಷ್ಟು ಎಂದು ಪಟ್ಟಿ ಬರಬೇಕು. ಗುಮಾಸ್ತರ ಫೋನು ಹೀಗಿತ್ತು: "ನಾನು ಹೊಡೆದದ್ದು ಬರ್ತದೆ ಸರ್, ನಮ್ಮ ಹುಡುಗ ಹೊಡೆದದ್ದು ಮಾತ್ರ ಪಟ್ಟೀಲಿ ಕಾಣಲ್ಲ ಮಾರಾಯ್ರೆ. ಚೀಲ ಇಲ್ಲೇ ಕಣ್ಣೆದುರಿಗಿದೆ."

ಇಂಥ ಮಾತನ್ನು ತಳ್ಳಿಹಾಕಬೇಡಿ. ಒಬ್ಬರು ಬರೆದದ್ದು ಸರಿ, ಇನ್ನೊಬ್ಬರು ಬರೆದದ್ದು ತಪ್ಪು ಎಂದರೆ ಇಬ್ಬರ ಸಾಲುಗಳ ನಡುವೆ ಏನೋ ವ್ಯತ್ಯಾಸವಿದೆ ಎಂದರ್ಥ. ಗುಮಾಸ್ತರು "ಸಾಗರ ರಾಶಿ 12 ಚೀಲ" ಎಂದು ಊರು ಮೊದಲು ಹಾಕುತ್ತಿದ್ದರು. ಹುಡುಗ "ರಾಶಿ 12 ಚೀಲ ಸಾಗರ" ಎಂದು ಅಡಿಕೆಯ ಜಾತಿ ಮೊದಲು ಹಾಕುತ್ತಿದ್ದ. ಕೋಡಿನಲ್ಲಿ ಇದ್ದದ್ದು ಒಂದೇ ಸಾಲು: ಸ್ಟ್ರ್‌ಪಾಸ್ ಫಂಕ್ಷನ್‌ಗೆ ಆ ಸಾಲನ್ನೂ "ರಾಶಿ" ಎಂಬ ಪದವನ್ನೂ ಕೊಟ್ಟು, ಬಂದ ಉತ್ತರವನ್ನು ನೇರವಾಗಿ ಇಫ್ ಒಳಗೆ ಹಾಕಿದ್ದರು.

ಸ್ಟ್ರ್‌ಪಾಸ್ ಹೇಳುವುದು ಪದ ಇದೆಯೋ ಇಲ್ಲವೋ ಎಂದಲ್ಲ, ಎಷ್ಟನೇ ಸ್ಥಾನದಲ್ಲಿದೆ ಎಂದು. ಎಣಿಕೆ ಸೊನ್ನೆಯಿಂದ ಶುರು. ಪದ ಸಾಲಿನ ತಲೆಯಲ್ಲೇ ಇದ್ದರೆ ಉತ್ತರ ಸೊನ್ನೆ, ಎಲ್ಲೂ ಇಲ್ಲದಿದ್ದರೆ ಫಾಲ್ಸ್, ಅಂದರೆ ಇಲ್ಲ ಎಂದು. ಇಫ್‌ನ ಕಣ್ಣಿಗೆ ಸೊನ್ನೆಯೂ ಫಾಲ್ಸೂ ಒಂದೇ. ಹುಡುಗನ ಸಾಲುಗಳೆಲ್ಲ "ಸಿಗಲಿಲ್ಲ" ಎಂಬ ಬುಟ್ಟಿಗೆ ಬಿದ್ದದ್ದು ಹೀಗೆ.

ಪತ್ತೆ ಮಾಡುವಾಗ ಉತ್ತರವನ್ನು ಪರದೆಗೆ ಬರೆಯುವ ಎಕೋ ಹಾಕಿ ನೋಡಿದರೆ ಉಪಯೋಗವಿಲ್ಲ. ಫಾಲ್ಸ್ ಅನ್ನು ಎಕೋ ಮಾಡಿದರೆ ಏನೂ ಕಾಣುವುದಿಲ್ಲ, ನಲ್ ಅನ್ನು ಮಾಡಿದರೂ ಏನೂ ಕಾಣುವುದಿಲ್ಲ, ಟ್ರೂ ಆದರೆ 1 ಎಂದು ಬರುತ್ತದೆ. ಅನುಮಾನದ ಪ್ರತಿಯೊಂದು ಕರೆಗೂ ವಾರ್_ಡಂಪ್ ಹಾಕಿ. ಅದು ಬಗೆಯನ್ನೂ ಜೊತೆಗೇ ಹೇಳುತ್ತದೆ: ಪೂರ್ಣಾಂಕ 0 ಬೇರೆ, ಬೂಲಿಯನ್ ಫಾಲ್ಸ್ ಬೇರೆ ಎಂದು ಅಲ್ಲೇ ಗೊತ್ತಾಗುತ್ತದೆ. ನನ್ನ ಅನುಭವದಲ್ಲಿ ಈ ಒಂದು ಹೆಜ್ಜೆಯಲ್ಲೇ ಅರ್ಧಕ್ಕಿಂತ ಹೆಚ್ಚು ಕೇಸು ಮುಗಿಯುತ್ತವೆ.

ಪಿಎಚ್‌ಪಿ 8.0 ಅಥವಾ ಅದಕ್ಕಿಂತ ಹೊಸದಿದ್ದರೆ ರಿಪೇರಿ ಸುಲಭ: ಸ್ಟ್ರ್_ಕಂಟೇನ್ಸ್ ಬಳಸಿ. ಇದೆಯೇ ಎಂದು ಕೇಳಿದರೆ ಟ್ರೂ ಅಥವಾ ಫಾಲ್ಸ್ ಎಂದಷ್ಟೇ ಹೇಳುತ್ತದೆ. ಇದು ಭಾಷೆಗೆ ಬಂದದ್ದು 2020ರಲ್ಲಿ, ಅಂದರೆ ಭಾಷೆ ಹುಟ್ಟಿ 25 ವರ್ಷ ಆದ ಮೇಲೆ. ಹಳೆಯ ಆವೃತ್ತಿಯಾದರೆ ಮೂರು ಚಿಹ್ನೆಯ (===) ಹೋಲಿಕೆಯಿಂದ ಫಾಲ್ಸ್ ಜೊತೆ ತಾಳೆ ನೋಡಬೇಕು. ಎರಡು ಚಿಹ್ನೆಯ (==) ಹೋಲಿಕೆ ಮತ್ತೆ ಸೊನ್ನೆಯನ್ನು ಫಾಲ್ಸ್ ಎಂದೇ ಓದುತ್ತದೆ.

ಇದೇ ಕುಟುಂಬದ ಅರೇ_ಸರ್ಚ್ ಕೂಡ ಇದೇ ಕಾಯಿಲೆಯದ್ದು, ಅರೇಯ (ಪಟ್ಟಿಯ) ಮೊದಲ ಸ್ಥಾನದಲ್ಲಿ ಸಿಕ್ಕರೆ ಸೊನ್ನೆ ಕೊಡುತ್ತದೆ. ಸ್ಟ್ರ್‌ಸಿಎಂಪಿ ಇನ್ನೂ ತಿರುಗುಮುರುಗು: ಎರಡು ಸ್ಟ್ರಿಂಗ್ ಒಂದೇ ಆಗಿದ್ದರೆ ಸೊನ್ನೆ, ಆದ್ದರಿಂದ ಇಫ್ ಒಳಗೆ ನೇರ ಹಾಕಿದರೆ ಅರ್ಥ ಪೂರ್ತಿ ಉಲ್ಟಾ. ಪೈಥಾನ್‌ನಲ್ಲಿ ಫೈಂಡ್ ಸಿಗದಿದ್ದರೆ ಮೈನಸ್ 1 ಕೊಡುತ್ತದೆ, ಇಂಡೆಕ್ಸ್ ಸಿಗದಿದ್ದರೆ ವ್ಯಾಲ್ಯೂಎರರ್ ಎಸೆಯುತ್ತದೆ. ಒಂದೇ ಕೆಲಸ, ಎರಡು ಹೆಸರು, ಸೋತಾಗ ಎರಡು ನಡತೆ. ಫೈಂಡ್ ಅನ್ನು ಇಫ್ ಒಳಗೆ ಹಾಕಿದರೆ ಪದ ಇಲ್ಲದಿದ್ದಾಗ "ಇದೆ" ಎನ್ನುತ್ತದೆ, ತಲೆಯಲ್ಲೇ ಇದ್ದಾಗ "ಇಲ್ಲ" ಎನ್ನುತ್ತದೆ. ಮೈನಸ್ 1 ಅನ್ನು ಹಾಗೇ ಸ್ಥಾನವಾಗಿ ಬಳಸಿದರೆ ಪೈಥಾನ್ ಕೊನೆಯ ಅಕ್ಷರವನ್ನು ತೆಗೆದುಕೊಡುತ್ತದೆ, ಒಂದು ಮಾತೂ ಆಡದೆ.

ಆರ್ಗ್ಯುಮೆಂಟ್ ಅದಲುಬದಲು

ಫಂಕ್ಷನ್ ಕರೆಯುವಾಗ ನಾವು ಅದಕ್ಕೆ ಕೊಡುವ ಬೆಲೆಗಳೇ ಆರ್ಗ್ಯುಮೆಂಟ್‌ಗಳು. ಪಿಎಚ್‌ಪಿಯಲ್ಲಿ ಸ್ಟ್ರ್‌ಪಾಸ್‌ಗೆ ಮೊದಲು ಇಡೀ ಸಾಲು, ಆಮೇಲೆ ಹುಡುಕುವ ತುಣುಕು. ಇನ್_ಅರೇ ಮತ್ತು ಅರೇ_ಸರ್ಚ್‌ಗೆ ಮೊದಲು ತುಣುಕು, ಆಮೇಲೆ ಅರೇ. ಸ್ಟ್ರ್_ರಿಪ್ಲೇಸ್‌ಗೆ ಹುಡುಕುವುದು, ಬದಲಿಗೆ ಹಾಕುವುದು, ಕೊನೆಯಲ್ಲಿ ಸಾಲು. ಅರೇ_ಮ್ಯಾಪ್‌ಗೆ ಮೊದಲು ಕಾಲ್‌ಬ್ಯಾಕ್ (ಪ್ರತಿ ಅಂಶಕ್ಕೂ ಕರೆಯಬೇಕಾದ ಫಂಕ್ಷನ್), ಅರೇ_ಫಿಲ್ಟರ್‌ಗೆ ಮೊದಲು ಅರೇ. ಇಂಪ್ಲೋಡ್‌ಗೆ ಬಹಳ ಕಾಲ ಹೇಗೆ ಕೊಟ್ಟರೂ ನಡೆಯುತ್ತಿತ್ತು, 7.4ರಲ್ಲಿ ಉಲ್ಟಾ ಕ್ರಮ ಬೇಡ ಎಂದು ಎಚ್ಚರಿಸಿ, 8.0ರಲ್ಲಿ ಅದನ್ನು ತೆಗೆದೇ ಬಿಟ್ಟರು. ಸ್ಟ್ರಿಂಗ್ ಫಂಕ್ಷನ್ ಆದರೆ ಸಾಲು ಮೊದಲು, ಅರೇ ಫಂಕ್ಷನ್ ಆದರೆ ತುಣುಕು ಮೊದಲು ಎಂದು ನೆನಪಿಡುವವರಿದ್ದಾರೆ. ಬಹುತೇಕ ಹೊಂದುತ್ತದೆ. ಆದರೆ ಸ್ಟ್ರಿಂಗ್ ಒಡೆಯುವ ಎಕ್ಸ್‌ಪ್ಲೋಡ್‌ಗೇ ಬೇರ್ಪಡಿಸುವ ಚಿಹ್ನೆ ಮೊದಲು, ಸ್ಟ್ರಿಂಗ್ ಆಮೇಲೆ. ಅಂಥ ಸೂತ್ರವನ್ನು ನಂಬಿ ಕೋಡ್ ಒಪ್ಪಿಸಬೇಡಿ.

ಹುಡುಕುವಾಗ ಒಂದು ವಿವೇಚನೆ ಸಮಯ ಉಳಿಸುತ್ತದೆ. ಎರಡು ಆರ್ಗ್ಯುಮೆಂಟ್‌ಗಳ ಬಗೆ ಬೇರೆ ಬೇರೆ ಇದ್ದರೆ ಅದಲುಬದಲಾದಾಗ ಭಾಷೆಯೇ ಕೂಗುತ್ತದೆ. ಇನ್_ಅರೇಗೆ ಅರೇ ಇರಬೇಕಾದಲ್ಲಿ ಸ್ಟ್ರಿಂಗ್ ಕೊಟ್ಟರೆ ಪಿಎಚ್‌ಪಿ 8 ಟೈಪ್‌ಎರರ್ ಎಸೆದು ನಿಲ್ಲುತ್ತದೆ. ಆದ್ದರಿಂದ ಮೌನವಾಗಿ ಕೆಡುವ ದೋಷ ಇರುವುದು ಎರಡೂ ಒಂದೇ ಬಗೆಯವಾಗಿರುವ ಕಡೆ. ಸ್ಟ್ರ್‌ಪಾಸ್‌ಗೆ ಎರಡೂ ಸ್ಟ್ರಿಂಗ್. ಎಕ್ಸ್‌ಪ್ಲೋಡ್‌ಗೂ ಎರಡೂ ಸ್ಟ್ರಿಂಗ್: ಅದಲುಬದಲು ಮಾಡಿದರೆ ಒಂದೇ ಒಂದು ಅಲ್ಪವಿರಾಮ ಇರುವ ಅರೇ ಬರುತ್ತದೆ, ಮುಂದಿನ ಲೂಪ್ ಅದನ್ನೇ ಹಿಡಿದು ಸುಮ್ಮನೆ ಒಂದು ಸುತ್ತು ತಿರುಗಿ ಮುಗಿಸುತ್ತದೆ. ಸಿ ಭಾಷೆಯ ಮೆಮ್‌ಸೆಟ್‌ನಲ್ಲಿ ತುಂಬಬೇಕಾದ ಬೈಟು ಮತ್ತು ಎಷ್ಟು ಬೈಟು ಎನ್ನುವುದು ಎರಡೂ ಸಂಖ್ಯೆಗಳೇ. ಸೊನ್ನೆ ತುಂಬು ಎನ್ನುವ ಬದಲು ಸೊನ್ನೆ ಬೈಟು ತುಂಬು ಎಂದಾಗಿಬಿಡುತ್ತದೆ, ಕೆಲಸವೇ ಆಗುವುದಿಲ್ಲ. ಅದೇ ಭಾಷೆಯಲ್ಲಿ ಎಫ್‌ಪ್ರಿಂಟ್‌ಎಫ್‌ಗೆ ಫೈಲ್ ಮೊದಲು, ಎಫ್‌ಪುಟ್ಸ್‌ಗೆ ಫೈಲ್ ಕೊನೆಗೆ. ಅಲ್ಲಿ ಬಗೆ ಬೇರೆ ಇರುವುದರಿಂದ ಕಂಪೈಲರ್ ಕಾಪಾಡುತ್ತದೆ.

ತಾರೀಖಿನ ಫಂಕ್ಷನ್‌ಗಳು ಈ ಗುಂಪಿನಲ್ಲೇ ಅತಿ ಕೆಟ್ಟವು, ಏಕೆಂದರೆ ಎಲ್ಲವೂ ಸಂಖ್ಯೆಗಳು. ಚೆಕ್‌ಡೇಟ್‌ಗೆ ತಿಂಗಳು, ದಿನ, ವರ್ಷ ಎಂಬ ಕ್ರಮ. ಎಂಕೆಟೈಮ್‌ಗೆ ಗಂಟೆ, ನಿಮಿಷ, ಸೆಕೆಂಡ್ ಆದ ಮೇಲೆ ಮತ್ತೆ ತಿಂಗಳು, ದಿನ, ವರ್ಷ. ನಾವು ಬರೆಯುವುದು ದಿನ, ತಿಂಗಳು, ವರ್ಷ. 5-8-2024 ಎಂದು ನಮ್ಮ ಕ್ರಮದಲ್ಲಿ ಕೊಟ್ಟರೆ ಚೆಕ್‌ಡೇಟ್ ಸರಿ ಎನ್ನುತ್ತದೆ, ಎಂಕೆಟೈಮ್ ಆಗಸ್ಟ್ 5ರ ಬದಲು ಮೇ 8 ಎಂದು ಓದಿಕೊಳ್ಳುತ್ತದೆ. 25-8-2024 ಕೊಟ್ಟರೆ ಚೆಕ್‌ಡೇಟ್ ಇಲ್ಲ ಎನ್ನುತ್ತದೆ. ಎಂಕೆಟೈಮ್ ಮಾತ್ರ 25ನೇ ತಿಂಗಳೇ ಎಂದು ಗೊಣಗದೆ ಎರಡು ವರ್ಷ ಮುಂದೆ ಎಣಿಸಿ 2026ರ ಜನವರಿ 8 ಎಂದು ತಂದಿಡುತ್ತದೆ.

ಹಾಗಾಗಿ ಗುರುತು ಹೀಗೆ: ತಿಂಗಳ ಮೊದಲ 12 ದಿನ ಒಂದು ಥರ, 13ರಿಂದ ಇನ್ನೊಂದು ಥರ ನಡೆಯುವ ಯಾವ ದೋಷ ಕಂಡರೂ ದಿನ ಮತ್ತು ತಿಂಗಳು ಅದಲುಬದಲಾಗಿದೆ ಎಂದು ಅಲ್ಲೇ ಹೇಳಬಹುದು. ಸ್ಟ್ರ್‌ಟುಟೈಮ್ ಬಳಸಿದ್ದರೆ ಮಧ್ಯದ ಚಿಹ್ನೆ ನೋಡಿ. ಓರೆಗೆರೆ ಇದ್ದರೆ ಅಮೆರಿಕದ ಕ್ರಮ ಎಂದುಕೊಳ್ಳುತ್ತದೆ, ಅಡ್ಡಗೆರೆ ಇದ್ದರೆ ನಮ್ಮ ಕ್ರಮ.

ಕ್ರಮ ಖಚಿತ ಮಾಡಿಕೊಳ್ಳಲು ಇಂಟರ್ನೆಟ್ ಬೇಕೆಂದಿಲ್ಲ. ಮಳೆಗಾಲದಲ್ಲಿ ಹೊಸನಗರ, ತೀರ್ಥಹಳ್ಳಿ ಕಡೆ ಕರೆಂಟ್ ಹೋದರೆ ಹಿಂದೆಯೇ ಟವರೂ ಹೋಗುತ್ತದೆ; ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ಇದ್ದರೆ ಸಾಕು. ಟರ್ಮಿನಲ್‌ನಲ್ಲಿ ಪಿಎಚ್‌ಪಿ ಕಮಾಂಡ್ ಬರೆದು, ಎರಡು ಅಡ್ಡಗೆರೆ ಹಾಕಿ ಆರ್‌ಎಫ್ ಎಂಬ ಎರಡಕ್ಷರ, ಆಮೇಲೆ ಫಂಕ್ಷನ್‌ನ ಹೆಸರು ಕೊಡಿ. ಎಷ್ಟು ಆರ್ಗ್ಯುಮೆಂಟ್, ಯಾವ ಕ್ರಮ, ಯಾವ ಬಗೆ, ಏನು ವಾಪಸ್ ಎಂದೆಲ್ಲ ನಿಮ್ಮ ಯಂತ್ರದಲ್ಲಿರುವ ಆವೃತ್ತಿಯ ಪ್ರಕಾರವೇ ತೋರಿಸುತ್ತದೆ. ಪೈಥಾನ್‌ನಲ್ಲಿ ಹೆಲ್ಪ್ ಅದೇ ಕೆಲಸ ಮಾಡುತ್ತದೆ.

ಕನ್ನಡದ ಹೆಸರು ಬಂದಾಗ ಮಾತ್ರ ಕೆಡುತ್ತಿದ್ದರೆ

ಇದು ನಮ್ಮ ಊರಿನ ಕೆಲಸಕ್ಕೆ ಎಲ್ಲಕ್ಕಿಂತ ಹತ್ತಿರದ ದೋಷ. ಇಂಗ್ಲಿಷ್ ಪಠ್ಯಪುಸ್ತಕದ ಉದಾಹರಣೆಗಳಲ್ಲಿ ಇದು ಕಾಣಿಸುವುದೇ ಇಲ್ಲ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಅದೇ ಮಂಡಿಯ ಪ್ರೋಗ್ರಾಂ ಮೊಬೈಲ್ ಆ್ಯಪ್‌ಗೂ ಪಟ್ಟಿ ಕಳಿಸುತ್ತಿತ್ತು. ಕೆಲವು ರೈತರಿಗೆ ಪಟ್ಟಿ ಬರುತ್ತಿತ್ತು, ಕೆಲವರಿಗೆ ಬಿಳಿ ಪರದೆ. ಸಾಗರ, ಸೊರಬ, ಹೊಸನಗರದವರಿಗೆ ಸರಿ. ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಶಿಕಾರಿಪುರದವರಿಗೆ ಖಾಲಿ. ನೆಟ್‌ವರ್ಕ್ ಸಮಸ್ಯೆ ಎಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ಒಳ್ಳೆಯ ಸಿಗ್ನಲ್ ಇರುವ ಶಿವಮೊಗ್ಗದವರಿಗೇ ಬರುತ್ತಿಲ್ಲವಲ್ಲ.

ಕೋಡಿನಲ್ಲಿ ತಾಲೂಕಿನ ಹೆಸರನ್ನು ಪರದೆಯ ಅಗಲಕ್ಕೆ ಹೊಂದಿಸಲು ಸಬ್‌ಸ್ಟ್ರ್ ಬಳಸಿ 20ಕ್ಕೆ ಕತ್ತರಿಸಿದ್ದರು. 20 ಅಕ್ಷರ ಧಾರಾಳವಾಯಿತು ಎಂಬುದು ಲೆಕ್ಕ. ಆದರೆ ಸಬ್‌ಸ್ಟ್ರ್ ಎಣಿಸುವುದು ಬೈಟುಗಳನ್ನು. ಅಕ್ಷರಗಳನ್ನು ಬೈಟುಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟು. ಚಿಹ್ನೆ ಎಂದರೆ ವ್ಯಂಜನ ಒಂದು, ಸ್ವರಚಿಹ್ನೆ ಇನ್ನೊಂದು, ಒತ್ತಕ್ಷರ ಕಟ್ಟುವ ವಿರಾಮ (್) ಮತ್ತೊಂದು. ಸಾಗರ ಎಂದರೆ ಸ, ದೀರ್ಘ, ಗ, ರ: 4 ಚಿಹ್ನೆ, 12 ಬೈಟು. ಸೊರಬವೂ 12. ಹೊಸನಗರ 6 ಚಿಹ್ನೆ, 18 ಬೈಟು. ಈ ಮೂರೂ 20ರ ಒಳಗೇ ಬಂದವು. ಶಿವಮೊಗ್ಗ 8 ಚಿಹ್ನೆ, 24 ಬೈಟು. ಭದ್ರಾವತಿಯೂ 24. ಶಿಕಾರಿಪುರ 27, ತೀರ್ಥಹಳ್ಳಿ 30. ಈ ನಾಲ್ಕನ್ನು 20ರಲ್ಲಿ ಕತ್ತರಿಸಿದರೆ 6 ಚಿಹ್ನೆ ಪೂರ್ತಿ ಉಳಿದು, ಏಳನೆಯದರ 2 ಬೈಟು ತುಂಡಾಗಿ ಬಾಲದಲ್ಲಿ ನೇತಾಡುತ್ತದೆ. ತೀರ್ಥಹಳ್ಳಿಯಲ್ಲಿ "ತೀರ್ಥಹ" ತನಕ ಸರಿ, ಆಮೇಲೆ ಯಾವ ಅಕ್ಷರವೂ ಅಲ್ಲದ ಕಸ.

ಆ ಕಸ ಜೇಸನ್_ಎನ್‌ಕೋಡ್ ಕೈಗೆ ಹೋಯಿತು. ಕೆಟ್ಟ ಯುಟಿಎಫ್-8 ಕಂಡರೆ ಅದು ಇಡೀ ಪಟ್ಟಿಯನ್ನೇ ಬಿಟ್ಟು ಫಾಲ್ಸ್ ವಾಪಸ್ ಕೊಡುತ್ತದೆ. ಫಾಲ್ಸ್ ಅನ್ನು ಎಕೋ ಮಾಡಿದರೆ ಏನೂ ಬರುವುದಿಲ್ಲ ಎಂದು ಆಗಲೇ ನೋಡಿದೆವು. ಸರ್ವರ್ 200, ಅಂದರೆ ಎಲ್ಲ ಸರಿ ಎಂದು ಹೇಳಿ ಖಾಲಿ ಉತ್ತರ ಕಳಿಸುತ್ತದೆ, ಆ್ಯಪ್ ಬಿಳಿ ಪರದೆ ತೋರಿಸುತ್ತದೆ. ಜೇಸನ್_ಲಾಸ್ಟ್_ಎರರ್_ಎಂಎಸ್‌ಜಿ ಕರೆದಿದ್ದರೆ ಅಲ್ಲೇ ಕಾರಣ ಸಿಗುತ್ತಿತ್ತು. 7.3ರಿಂದ ಈಚೆಗೆ ಜೇಸನ್_ಥ್ರೋ_ಆನ್_ಎರರ್ ಎಂಬ ಫ್ಲ್ಯಾಗ್ ಇದೆ. ಹಾಕಿದರೆ ಮೌನ ಬಿಟ್ಟು ಎಕ್ಸೆಪ್ಶನ್ ಎಸೆಯುತ್ತದೆ. ಹಾಕದೆ ಇರಲು ಕಾರಣವೇ ಇಲ್ಲ.

ಇಲ್ಲಿ ಒಂದು ಸುಳ್ಳು ರಿಪೇರಿಯ ಬಗ್ಗೆ ಎಚ್ಚರಿಕೆ. 20 ಇದ್ದದ್ದನ್ನು ಯಾರೋ 21 ಮಾಡಿ ನೋಡುತ್ತಾರೆ, ಎಲ್ಲ ತಾಲೂಕೂ ಬಂದುಬಿಡುತ್ತವೆ! 21 ಮೂರರಿಂದ ಭಾಗವಾಗುವುದರಿಂದ ಕತ್ತಿ ಎರಡು ಚಿಹ್ನೆಗಳ ನಡುವೆ ಸರಿಯಾಗಿ ಬೀಳುತ್ತದೆ, ಅಷ್ಟೇ. ಹೆಸರಿನ ಮೊದಲು ಒಂದು ಚುಕ್ಕಿ, ಒಂದು ಖಾಲಿ ಜಾಗ, ಒಂದು ಇಂಗ್ಲಿಷ್ ಅಂಕಿ ಬಂದರೆ ಅದಕ್ಕೆ 1 ಬೈಟು, ಲೆಕ್ಕ ಮತ್ತೆ ತಪ್ಪುತ್ತದೆ. ಸಂಖ್ಯೆ ಒಂದು ಹೆಚ್ಚಿಸಿದಾಗ ಸರಿಯಾಗುವ ದೋಷ ಸರಿಯಾಗಿಲ್ಲ ಎಂದೇ ತಿಳಿಯಿರಿ.

ನಿಜವಾದ ರಿಪೇರಿ ಎಂಬಿ_ಸಬ್‌ಸ್ಟ್ರ್. ಸ್ಟ್ರ್‌ಲೆನ್ ಶಿವಮೊಗ್ಗಕ್ಕೆ 24 ಎಂದರೆ ಎಂಬಿ_ಸ್ಟ್ರ್‌ಲೆನ್ 8 ಎನ್ನುತ್ತದೆ. ಇಲ್ಲಿ ಹೆಸರಿನ ಸಮಸ್ಯೆ ಎದ್ದು ಕಾಣುತ್ತದೆ. ಮುಖ್ಯ ಹೆಸರು ಬೈಟಿಗೆ ಹೋಗಿದೆ, ಅಕ್ಷರ ಬೇಕೆನ್ನುವವರು ಮುಂದೆ ಎಂಬಿ_ ಅಂಟಿಸಬೇಕು. ಅಂಟಿಸುವುದು ಮರೆತರೆ ಇಂಗ್ಲಿಷ್ ಡೇಟಾ ಇರುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಮೇಲಾಗಿ ಎಂಬಿಸ್ಟ್ರಿಂಗ್ ಎಂಬುದು ಪ್ರತ್ಯೇಕ ಎಕ್ಸ್‌ಟೆನ್ಷನ್, ಸರ್ವರ್‌ನಲ್ಲಿ ಹಾಕಿರಬೇಕು. ಎಲ್ಲದಕ್ಕೂ ಎಂಬಿ_ ಜೋಡಿ ಇರಲಿಲ್ಲ ಕೂಡ: ಎಂಬಿ_ಸ್ಟ್ರ್_ಪ್ಯಾಡ್ ಬಂದದ್ದು 8.3ರಲ್ಲಿ, 2023ರಲ್ಲಿ, ಎಂಬಿ_ಟ್ರಿಮ್ ಬಂದದ್ದು 8.4ರಲ್ಲಿ. ಅದಕ್ಕೂ ಹಿಂದೆ ಬರೆದ ಬಿಲ್ಲುಗಳಲ್ಲಿ ಕನ್ನಡ ಹೆಸರಿರುವ ಸಾಲಿನ ಕಾಲಂ ಮಾತ್ರ ಎಡಕ್ಕೆ ಜಾರಿದ್ದರೆ ಸ್ಟ್ರ್_ಪ್ಯಾಡ್ ಹುಡುಕಿ.

ಹಾಗೆಂದು ಕಂಡ ಕಂಡಲ್ಲೆಲ್ಲ ಎಂಬಿ_ ಹಾಕಲು ಹೊರಡಬೇಡಿ. ಸ್ಟ್ರ್_ರಿಪ್ಲೇಸ್ ಮತ್ತು ಸ್ಟ್ರ್_ಕಂಟೇನ್ಸ್ ಕನ್ನಡದ ಜೊತೆ ಹಾಗೆಯೇ ಸರಿಯಾಗಿ ಕೆಲಸ ಮಾಡುತ್ತವೆ, ಯುಟಿಎಫ್-8ರ ರಚನೆಯೇ ಹಾಗಿದೆ. ಕೆಡುವುದು ಎಣಿಸುವ, ಕತ್ತರಿಸುವ, ಉದ್ದ ಹೊಂದಿಸುವ ಫಂಕ್ಷನ್‌ಗಳು. ಎರಡು ಕುಟುಂಬವನ್ನು ಬೆರೆಸುವುದಂತೂ ಎಲ್ಲಕ್ಕಿಂತ ಅಪಾಯ. "ಸಾಗರ ರಾಶಿ" ಎಂಬ ಸಾಲಿನಲ್ಲಿ ರಾಶಿ ಎಲ್ಲಿದೆ ಎಂದರೆ ಸ್ಟ್ರ್‌ಪಾಸ್ 13 ಎನ್ನುತ್ತದೆ, ಎಂಬಿ_ಸ್ಟ್ರ್‌ಪಾಸ್ 5 ಎನ್ನುತ್ತದೆ. ಆ 13ನ್ನು ಎಂಬಿ_ಸಬ್‌ಸ್ಟ್ರ್‌ಗೆ ಕೊಟ್ಟರೆ ಇಡೀ ಸಾಲಿನಲ್ಲಿ ಇರುವುದೇ 9 ಚಿಹ್ನೆ, ಉತ್ತರ ಖಾಲಿ ಸ್ಟ್ರಿಂಗ್. ಸ್ಥಾನ ಕೇಳಿದ ಕುಟುಂಬದಿಂದಲೇ ಕತ್ತರಿಸಿ.

ಇನ್ನೂ ಒಂದು ಮೆಟ್ಟಿಲಿದೆ. ಎಂಬಿ_ಸಬ್‌ಸ್ಟ್ರ್ ತೀರ್ಥಹಳ್ಳಿಯನ್ನು 8 ಚಿಹ್ನೆಗೆ ಕತ್ತರಿಸಿದರೆ "ತೀರ್ಥಹಳ್" ಎಂದು ಬರುತ್ತದೆ. ಬೈಟು ಕೆಟ್ಟಿಲ್ಲ, ಓದುವವರ ಕಣ್ಣಿಗೆ ಊರಿನ ಹೆಸರು ಕೆಟ್ಟಿದೆ. ಸ್ವರಚಿಹ್ನೆ ವ್ಯಂಜನದಿಂದ ಕಳಚದ ಹಾಗೆ ಕತ್ತರಿಸಲು ಗ್ರಾಫೀಮ್_ಸಬ್‌ಸ್ಟ್ರ್ ಇದೆ, ಅದು ಇಂಟ್ಲ್ ಎಕ್ಸ್‌ಟೆನ್ಷನ್‌ನಲ್ಲಿ. ನನ್ನ ಅಭಿಪ್ರಾಯ ಕೇಳಿದರೆ ಊರಿನ, ಜನರ ಹೆಸರನ್ನು ಕತ್ತರಿಸಲೇಬಾರದು. ಕಾಲಂ ಅಗಲ ಮಾಡಿ, ಅಥವಾ ಎರಡನೇ ಸಾಲಿಗೆ ಇಳಿಸಿ.

ಪರದೆಯ ಮೇಲೆ ಒಂದೇ ಥರ ಕಾಣುವ ಎರಡು "ಶಿವಮೊಗ್ಗ" ಹೋಲಿಕೆಯಲ್ಲಿ ಬೇರೆ ಬೇರೆ ಎಂದು ಬರುತ್ತಿದ್ದರೆ ಅದಕ್ಕೆ ಫಂಕ್ಷನ್ ಹೆಸರು ಕಾರಣವಲ್ಲ. "ಮೊ"ದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ಎರಡಕ್ಕೂ ಎಂಬಿ_ಸ್ಟ್ರ್‌ಲೆನ್ ಕೇಳಿ. ಒಂದು 8, ಇನ್ನೊಂದು 9 ಎಂದರೆ ಡೇಟಾ ಒಳಗೆ ಬರುವಾಗಲೇ ಎರಡೂ ರೂಪವನ್ನು ಒಂದೇ ಮಾಡುವ ನಾರ್ಮಲೈಸರ್ ಹಾಯಿಸಬೇಕು.

ಇದ್ದದ್ದನ್ನೇ ಬದಲಿಸಿತೋ, ಹೊಸದು ಕೊಟ್ಟಿತೋ

ಪಿಎಚ್‌ಪಿಯ ಸಾರ್ಟ್ ಕೊಟ್ಟ ಅರೇಯನ್ನೇ ಬದಲಿಸಿ ಟ್ರೂ ವಾಪಸ್ ಕೊಡುತ್ತದೆ. ಅರೇ_ರಿವರ್ಸ್, ಅರೇ_ಯೂನಿಕ್ ಕೊಟ್ಟದ್ದನ್ನು ಮುಟ್ಟದೆ ಹೊಸದು ಕೊಡುತ್ತವೆ. ಅರೇ_ ಎಂದು ಶುರುವಾದರೆ ಹೊಸದು ಎಂದು ನಂಬೋಣವೆಂದರೆ ಅರೇ_ಪುಶ್, ಅರೇ_ಸ್ಪ್ಲೈಸ್ ಇದ್ದದ್ದನ್ನೇ ಬದಲಿಸುತ್ತವೆ. ಗುರುತು: ಪಟ್ಟಿ ಇರಬೇಕಾದ ಜಾಗದಲ್ಲಿ 1 ಎಂದು ಕಂಡರೆ ಸಾರ್ಟ್‌ನ ಉತ್ತರವನ್ನು ಯಾರೋ ವೇರಿಯಬಲ್‌ಗೆ ಹಾಕಿದ್ದಾರೆ.

ಇನ್ನೊಂದು ಗುರುತು ಹೆಚ್ಚು ನೋವು ಕೊಡುವಂಥದ್ದು. ರೈತರ ಹೆಸರು ಕೀ, ಕೆಜಿ ವ್ಯಾಲ್ಯೂ ಇರುವ ಅರೇಯನ್ನು ಸಾರ್ಟ್ ಮಾಡಿದರೆ ಕೆಜಿಗಳು ಸರಿಯಾಗಿ ಸಾಲಾಗುತ್ತವೆ, ಹೆಸರುಗಳು ಮಾಯವಾಗಿ 0, 1, 2 ಎಂದು ಉಳಿಯುತ್ತದೆ. ಹೆಸರು ಉಳಿಯಬೇಕಿದ್ದರೆ ಎಸಾರ್ಟ್, ಹೆಸರಿನ ಪ್ರಕಾರವೇ ಸಾಲಾಗಬೇಕಿದ್ದರೆ ಕೆಸಾರ್ಟ್. ಇಡೀ ವ್ಯತ್ಯಾಸ ಹೆಸರಿನ ಮುಂದಿನ ಒಂದೇ ಅಕ್ಷರದಲ್ಲಿದೆ. ಯಾರ ಅಡಿಕೆ ಯಾರ ಖಾತೆಗೆ ಎಂಬುದು ಒಂದಕ್ಷರದ ಮೇಲೆ ನಿಲ್ಲುವುದು ನನಗೆ ಸರಿ ಕಾಣುವುದಿಲ್ಲ.

ಪೈಥಾನ್ ಇಲ್ಲಿ ಮೆಚ್ಚುವಂತೆ ನಡೆದುಕೊಂಡಿದೆ. ಸಾರ್ಟ್ ಇದ್ದ ಲಿಸ್ಟನ್ನೇ ಬದಲಿಸಿ ನನ್ (ಏನೂ ಇಲ್ಲ ಎಂಬ ಬೆಲೆ) ಕೊಡುತ್ತದೆ, ಸಾರ್ಟೆಡ್ ಹೊಸ ಲಿಸ್ಟ್ ಕೊಡುತ್ತದೆ. ತಪ್ಪಿ ಸಾರ್ಟ್‌ನ ಉತ್ತರ ಬಳಸಿದರೆ ಮುಂದಿನ ಸಾಲಿನಲ್ಲೇ ಪ್ರೋಗ್ರಾಂ ಬೀಳುವ ಸಾಧ್ಯತೆ ಹೆಚ್ಚು. ಬೇಗ ಬಿದ್ದಷ್ಟೂ ಒಳ್ಳೆಯದು. ಜಾವಾಸ್ಕ್ರಿಪ್ಟ್‌ನ ಸಾರ್ಟ್ ಎರಡನ್ನೂ ಮಾಡುತ್ತದೆ, ಇದ್ದದ್ದನ್ನೂ ಬದಲಿಸಿ ಅದನ್ನೇ ವಾಪಸ್ಸೂ ಕೊಡುತ್ತದೆ. ಹೊಸ ಪಟ್ಟಿ ಸಿಕ್ಕಿತೆಂದು ಬರೆದವರು ನಂಬುತ್ತಾರೆ, ಹಳೆಯದು ಹಿಂದಿನಿಂದ ಬದಲಾಗಿರುತ್ತದೆ. ಸ್ಲೈಸ್ ಹೊಸದು ಕೊಡುವುದು, ಸ್ಪ್ಲೈಸ್ ಇದ್ದದ್ದನ್ನು ಕೊಯ್ಯುವುದು. ನಡುವೆ ಒಂದೇ ಅಕ್ಷರ. 2023ರ ಆವೃತ್ತಿಯಲ್ಲಿ ಟುಸಾರ್ಟೆಡ್, ಟುಸ್ಪ್ಲೈಸ್ಡ್, ಟುರಿವರ್ಸ್ಡ್ ಬಂದಿವೆ, ಹೊಸ ಕೋಡಿಗೆ ಅವನ್ನೇ ಬಳಸಿ.

ಅದೇ ಜಾವಾಸ್ಕ್ರಿಪ್ಟ್ ಸಾರ್ಟ್, ಏನೂ ಹೇಳದಿದ್ದರೆ ಸಂಖ್ಯೆಗಳನ್ನೂ ಅಕ್ಷರಗಳ ಹಾಗೆ ಸಾಲು ಮಾಡುತ್ತದೆ. ಆಗುಂಬೆಯ ಮಳೆಯ ಮಿಲಿಮೀಟರ್ ಲೆಕ್ಕ 7, 112, 85, 9, 240 ಎಂದು ಕೊಟ್ಟು ನೋಡಿ: 112, 240, 7, 85, 9 ಎಂದು ಬರುತ್ತದೆ. ಎಲ್ಲ ದಿನವೂ ಎರಡಂಕಿಯ ಮಳೆ ಬಿದ್ದ ವಾರದಲ್ಲಿ ಇದು ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಪರೀಕ್ಷೆಗೆ ಒಂದಂಕಿ, ಎರಡಂಕಿ, ಮೂರಂಕಿ ಬೆರೆಸಿಯೇ ಕೊಡಬೇಕು.

ಈ ಗೊಂದಲ ಎಲ್ಲಿಂದ

ಹಿನ್ನೆಲೆ ತಿಳಿದಿದ್ದರೆ ಯಾವ ಫಂಕ್ಷನ್‌ಗಳನ್ನು ಹೆಚ್ಚು ಅನುಮಾನಿಸಬೇಕು ಎಂದು ಗೊತ್ತಾಗುತ್ತದೆ. 1989ರ ಸಿ ಮಾನದಂಡ ಹೊರಗಿನ ಹೆಸರುಗಳ ಮೊದಲ 6 ಅಕ್ಷರಗಳಿಗೆ ಮಾತ್ರ ಖಾತ್ರಿ ಕೊಟ್ಟಿತ್ತು. ಸ್ಟ್ರ್‌ಲೆನ್, ಸ್ಟ್ರ್‌ಸಿಎಂಪಿಯಂಥ ಕುಗ್ಗಿದ ಹೆಸರುಗಳು ಆ ಕಾಲದವು. ಪಿಎಚ್‌ಪಿ 1995ರಲ್ಲಿ ಹೊರಬಂದಾಗ ಆ ಸಿ ಹೆಸರುಗಳನ್ನು ಹಾಗೇ ತಂದುಕೊಂಡಿತು. ಅದನ್ನು ಹುಟ್ಟುಹಾಕಿದ ರಾಸ್ಮಸ್ ಲೆರ್ಡಾರ್ಫ್ 2013ರಲ್ಲಿ ಇನ್ನೊಂದು ಕಾರಣವನ್ನೂ ಹೇಳಿದ್ದಾರೆ: ಶುರುವಿನಲ್ಲಿ ಫಂಕ್ಷನ್ ಹುಡುಕಲು ಹೆಸರಿನ ಉದ್ದವನ್ನೇ ಹ್ಯಾಶ್ (ಬೇಗ ಹುಡುಕಲು ಬಳಸುವ ಗುರುತು) ಆಗಿ ಬಳಸುತ್ತಿದ್ದರು, ಉದ್ದಗಳು ಬೇರೆ ಬೇರೆ ಇರಲೆಂದು ಹೆಸರುಗಳನ್ನೂ ಹಾಗೆ ಇಟ್ಟರು. ಆಗ ಫಂಕ್ಷನ್‌ಗಳು ನೂರಕ್ಕಿಂತ ಕಡಿಮೆ ಇದ್ದವು, ಬಳಸುವವರು ಅವರೊಬ್ಬರೇ.

ಪೈಥಾನ್‌ಗೆ ಪೆಪ್ 8 ಎಂಬ ಲಿಖಿತ ನಿಯಮ ಇದೆ, ಫಂಕ್ಷನ್ ಹೆಸರು ಸಣ್ಣಕ್ಷರದಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್ ಎಂದು. ಆದರೂ ಲಾಗಿಂಗ್‌ನ ಗೆಟ್‌ಲಾಗರ್, ಯೂನಿಟ್‌ಟೆಸ್ಟ್‌ನ ಸೆಟ್‌ಅಪ್, ಅಸರ್ಟ್‌ಈಕ್ವಲ್ ನಡುವೆ ದೊಡ್ಡಕ್ಷರ ಇಟ್ಟುಕೊಂಡು ಜಾವಾ ಶೈಲಿಯಲ್ಲೇ ಉಳಿದಿವೆ. ಅಸರ್ಟ್‌ಈಕ್ವಲ್ಸ್ ಎಂದು ಕೊನೆಯಲ್ಲಿ ಎಸ್ ಇರುವ ಹಳೆಯ ಜೋಡಿ ಹೆಸರನ್ನು 3.12ರಲ್ಲಿ, 2023ರಲ್ಲಿ ತೆಗೆದರು. ಹಳೆಯ ಲ್ಯಾಬ್ ಯಂತ್ರದಲ್ಲಿ ಪಾಸಾಗುತ್ತಿದ್ದ ಪರೀಕ್ಷೆ ಹೊಸ ಯಂತ್ರದಲ್ಲಿ ಆಟ್ರಿಬ್ಯೂಟ್‌ಎರರ್ ಕೊಟ್ಟರೆ ಮೊದಲು ಅಲ್ಲಿ ನೋಡಿ.

ಆವೃತ್ತಿಯ ವ್ಯತ್ಯಾಸ ಮೌನವಾಗಿಯೂ ಬರುತ್ತದೆ. "ರಾಶಿ" ಮತ್ತು 0 ಸಮವೇ ಎಂದರೆ ಪಿಎಚ್‌ಪಿ 7 ಹೌದು ಎನ್ನುತ್ತದೆ, 8 ಇಲ್ಲ ಎನ್ನುತ್ತದೆ. ಹಾಗಾಗಿ ಅರೇಯಲ್ಲಿ ಎಲ್ಲೋ ಒಂದು ಸೊನ್ನೆ ಇದ್ದರೆ ಹಳೆಯ ಸರ್ವರ್‌ನಲ್ಲಿ ಇನ್_ಅರೇ ಯಾವ ಜಾತಿಯ ಹೆಸರು ಕೇಳಿದರೂ "ಇದೆ" ಎನ್ನುತ್ತಿತ್ತು. ಮೂರನೇ ಆರ್ಗ್ಯುಮೆಂಟ್ ಸ್ಟ್ರಿಕ್ಟ್ ಅನ್ನು ಟ್ರೂ ಮಾಡಿದರೆ ಎರಡೂ ಕಡೆ ಒಂದೇ ಉತ್ತರ.

ರಿಪೇರಿ ಮಾಡುವಾಗ

ಹಾಳಾದ ಸಾಲೊಂದನ್ನೇ ತಿದ್ದಿ ಎದ್ದು ಹೋಗಬೇಡಿ. ಅದೇ ಫಂಕ್ಷನ್ ಇಡೀ ಪ್ರಾಜೆಕ್ಟಿನಲ್ಲಿ ಎಲ್ಲೆಲ್ಲಿದೆ ಎಂದು ಹುಡುಕಿ. ಒಂದು ಕಡೆ ಊಹಿಸಿದ ಕೈ ಇನ್ನೊಂದು ಕಡೆಯೂ ಹಾಗೇ ಊಹಿಸಿರುತ್ತದೆ. ಪಿಎಚ್‌ಪಿ 8 ಇದ್ದರೆ ಕ್ರಮ ಗೊಂದಲ ಇರುವ ಕರೆಗಳಿಗೆ ಆರ್ಗ್ಯುಮೆಂಟ್‌ನ ಹೆಸರು ಬರೆದೇ ಕೊಡಿ. ಚೆಕ್‌ಡೇಟ್‌ಗೆ ಮಂತ್ 8, ಡೇ 5, ಇಯರ್ 2024 ಎಂದು ಹೆಸರು ಸಮೇತ ಕೊಟ್ಟರೆ ಯಾವ ಕ್ರಮವಾದರೂ ಸರಿ, ಮುಂದೆ ಓದುವವರಿಗೂ ಅನುಮಾನ ಉಳಿಯುವುದಿಲ್ಲ. ಬಗೆ ತಪ್ಪಿದರೆ ಎರರ್ ಬರುವ ಹಾಗೆ ಫೈಲಿನ ತಲೆಯಲ್ಲಿ ಸ್ಟ್ರಿಕ್ಟ್_ಟೈಪ್ಸ್ ಹಾಕಿ.

ತೀರಾ ಗೊಂದಲದವಕ್ಕೆ ನಿಮ್ಮದೇ ಸಣ್ಣ ಹೊದಿಕೆ ಫಂಕ್ಷನ್ ಬರೆಯಬಹುದು. ಎಲ್ಲಕ್ಕೂ ಬೇಡ, ಮುಂದೆ ಬರುವವರು ಎರಡು ಭಾಷೆ ಕಲಿಯಬೇಕಾಗುತ್ತದೆ. ಬರೆದವುಗಳಲ್ಲಿ ಡೇಟಾ ಯಾವಾಗಲೂ ಮೊದಲ ಆರ್ಗ್ಯುಮೆಂಟ್ ಆಗಿರಲಿ. ಹೌದು-ಇಲ್ಲ ಉತ್ತರದ ಹೆಸರು ಈಸ್_ ಅಥವಾ ಹ್ಯಾಸ್_ ಎಂದು ಶುರುವಾಗಲಿ. ಬೈಟು ಎಣಿಸುವುದಾದರೆ ಹೆಸರಿನಲ್ಲೇ ಬೈಟು ಎಂದಿರಲಿ.

ಆಮೇಲೆ ಪರೀಕ್ಷೆಯ ಡೇಟಾ. ಜಿಲ್ಲೆಯ 7 ತಾಲೂಕುಗಳ ಹೆಸರು, ಅಡಿಕೆಯ ಜಾತಿ ತಲೆಯಲ್ಲಿರುವ ಒಂದು ಸಾಲು, ಕೊನೆಯಲ್ಲಿರುವ ಒಂದು ಸಾಲು, ಜಾತಿಯೇ ಇಲ್ಲದ ಒಂದು ಸಾಲು, ಪೂರ್ತಿ ಖಾಲಿ ಸಾಲು, ತಿಂಗಳ 12ರ ಒಳಗಿನ ಒಂದು ತಾರೀಖು ಮತ್ತು 13ರ ಮೇಲಿನ ಒಂದು, ಸೊನ್ನೆ ಕೆಜಿಯ ಒಂದು ನಮೂದು. ಇಷ್ಟನ್ನು ಒಂದು ಫೈಲಿನಲ್ಲಿಟ್ಟು ಪ್ರತಿ ಬದಲಾವಣೆಯ ನಂತರ ಓಡಿಸಿ, ಸರ್ವರ್‌ನ ಆವೃತ್ತಿ ಏರಿಸಿದಾಗಲೂ ಓಡಿಸಿ. ಹೊಸ ದೋಷ ಸಿಕ್ಕಾಗ ಅದನ್ನು ಹುಟ್ಟಿಸಿದ ಸಾಲನ್ನು ಅದೇ ಫೈಲಿಗೆ ಸೇರಿಸಿ, ಪಕ್ಕದಲ್ಲಿ ಫಂಕ್ಷನ್‌ನ ಪೂರ್ತಿ ಹೆಸರು, ಆವೃತ್ತಿ, ಬಂದ ಉತ್ತರ, ಬರಬೇಕಿದ್ದ ಉತ್ತರ ಬರೆದಿಡಿ.